ಕಡಲಿಗೆ ಬೆನ್ನು ಹಾಕದೆ ಕರೆ ಮಾಡುವುದು ಹೇಗೆ?

ರಜೆಯ ದಿನಗಳು ಬಂದವೆಂದರೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಮಲ್ಪೆಗೆ ಹೋಗಿದ್ದೆವು, ಊರಲ್ಲಿರುವ ಅಜ್ಜಿಗೆ ವಿಡಿಯೊ ಕರೆಯಲ್ಲಿ ಕಡಲು ತೋರಿಸುತ್ತಿದ್ದಾಗ ಪಕ್ಕದ ಕುಟುಂಬದವರು ಜಗಳಕ್ಕೆ ಬಂದರು, ನಮ್ಮದೇನು ತಪ್ಪು ಎಂದು ಕೆಲವರು ಕೇಳುತ್ತಾರೆ. ಇನ್ನು ಕೆಲವರದು ಅದೇ ಕತೆಯ ಆಚೆ ಬದಿ: ಮಕ್ಕಳೊಂದಿಗೆ ನೀರಿನಲ್ಲಿದ್ದೆವು, ಯಾರೋ ಫೋನ್ ಎತ್ತಿ ಸುತ್ತಲೂ ತಿರುಗಿಸುತ್ತಿದ್ದರು, ಕೇಳಿದರೆ ‘ಬರೀ ಕರೆ, ರೆಕಾರ್ಡ್ ಮಾಡುತ್ತಿಲ್ಲ’ ಎಂದುಬಿಟ್ಟರು, ಏನು ಮಾಡಬೇಕಿತ್ತು? ಇಬ್ಬರಿಗೂ ಸೇರಿಸಿ ಒಂದೇ ಸಲ ಬರೆದುಬಿಡುತ್ತೇನೆ.

ಕಡಲತೀರದಲ್ಲಿ ಕರೆ ಮಾಡುವುದು ತಪ್ಪಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಬ್ಬರಾದರೂ ಮುಂಬೈಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುತ್ತಾರೆ. ಅವರಿಗೆ ಊರಿನ ಕಡಲನ್ನು ಕಾಣಿಸಬೇಡಿ ಎಂದು ಹೇಳುವಷ್ಟು ಕಲ್ಲುಮನಸ್ಸು ನನಗಿಲ್ಲ. ತೊಡಕಿರುವುದು ನಾವು ನಿಲ್ಲುವ ರೀತಿಯಲ್ಲಿ. ಮುಂಬದಿ ಕ್ಯಾಮೆರಾ ತೆರೆದು, ಹಿನ್ನೆಲೆಯಲ್ಲಿ ಅಲೆ ಬರಲಿ ಎಂದು ನಿಂತವರು ಗೊತ್ತಿಲ್ಲದೆಯೇ ಎರಡು ಕೆಲಸ ಮಾಡುತ್ತಾರೆ. ಕಡಲಿಗೆ ಬೆನ್ನು ಹಾಕುತ್ತಾರೆ. ಬೆನ್ನ ಹಿಂದೆ ನೀರಾಡುತ್ತಿರುವ ಅಪರಿಚಿತರನ್ನು ತಮ್ಮ ಕರೆಯೊಳಗೆ ಎಳೆದುಕೊಳ್ಳುತ್ತಾರೆ. ಕರಾವಳಿಯ ಮನೆಗಳಲ್ಲಿ ಮಗು ನಡೆಯಲು ಕಲಿತ ಕೂಡಲೇ ಹೇಳುವ ಎಚ್ಚರಿಕೆ, ಕಡಲಿಗೆ ಬೆನ್ನು ಹಾಕಬೇಡ ಎಂಬುದು. ಫೋನ್ ಬರುವ ಮೊದಲಿನ ಮಾತು ಅದು. ಆದರೂ ಮುಂದಿನ ಹಂತಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹುಟ್ಟುತ್ತವೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಮೈಕ್ ಇರುವ ಒಂದು ತಂತಿಯ ಇಯರ್‌ಫೋನ್ (ತಂತಿ ಇಲ್ಲದವು ಮರಳಿಗೆ ಬಿದ್ದರೆ ಸಿಗುವ ಆಸೆ ಬಿಡಿ), ಫೋನನ್ನು ಕೊರಳಿಗೆ ತೂಗುಹಾಕುವ ಪಟ್ಟಿ, ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಒಣ ಬಟ್ಟೆಯ ತುಂಡು. ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಇದಕ್ಕೆ ಕಾರಣ ಕೊನೆಯ ಹಂತದಲ್ಲಿದೆ.

1. ಹೊರಡುವ ಮೊದಲೇ ಸಮಯ ಗೊತ್ತುಮಾಡಿಕೊಳ್ಳಿ

ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಫೋನ್ ಎತ್ತುತ್ತಾರೆ. ಭಾನುವಾರ ಸಂಜೆ ಪಣಂಬೂರಿನಲ್ಲೋ ಮಲ್ಪೆಯಲ್ಲೋ ಒಂದೇ ಗೋಪುರದ ಮೇಲೆ ಸಾವಿರಾರು ಫೋನ್‌ಗಳ ಭಾರ ಬೀಳುವುದರಿಂದ ಚಿತ್ರ ಒಡೆಯುತ್ತದೆ, ದನಿ ತುಂಡಾಗುತ್ತದೆ, ‘ಕೇಳಿಸುತ್ತಿದೆಯಾ, ಕೇಳಿಸುತ್ತಿದೆಯಾ’ ಎಂಬ ಕೂಗು ಶುರುವಾಗುತ್ತದೆ. ಓಂ ಬೀಚಿನಂತೆ ಗುಡ್ಡದ ಮಗ್ಗುಲಲ್ಲಿರುವ ತೀರಗಳಲ್ಲಿ ಸಿಗ್ನಲ್ ಇನ್ನಷ್ಟು ಸೊರಗುವುದುಂಟು. ಮುಳುಗುವುದಕ್ಕೆ ಮುಕ್ಕಾಲು ಗಂಟೆ ಮೊದಲು ಕರೆ ಮಾಡಿದರೆ ಬೆಳಕೂ ಚೆನ್ನಾಗಿರುತ್ತದೆ, ಸಂಪರ್ಕವೂ ಸಿಗುತ್ತದೆ. ಮಂಗಳೂರು, ಉಡುಪಿಯ ಕಡೆ ನವೆಂಬರಿನಲ್ಲಿ ಸೂರ್ಯಾಸ್ತ ಆರು ಗಂಟೆಯ ಆಸುಪಾಸು. ಮೇ ಕೊನೆಯಲ್ಲಿ ಏಳರ ಹತ್ತಿರ.

ಆಚೆ ಬದಿಯವರ ಗಡಿಯಾರವನ್ನೂ ನೋಡಿ. ದುಬೈ, ಮಸ್ಕತ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ದೋಹಾ, ಬಹ್ರೇನ್, ರಿಯಾದ್ ಎರಡೂವರೆ ಗಂಟೆ ಹಿಂದೆ. ಇಲ್ಲಿ ಆರೂವರೆಯಾದಾಗ ದೋಹಾದಲ್ಲಿರುವ ಅಣ್ಣನಿಗೆ ನಾಲ್ಕು ಗಂಟೆ, ಆತ ಇನ್ನೂ ಕೆಲಸದಲ್ಲಿರಬಹುದು. ಯುಎಇಯಲ್ಲಿ ವಾಟ್ಸ್‌ಆ್ಯಪ್ ಕರೆಗಳಿಗೆ ಬಹುಕಾಲದಿಂದ ನಿರ್ಬಂಧವಿದೆ. ಅಲ್ಲಿಯವರು ಬೋಟಿಮ್‌ನಂತಹ ಅನುಮತಿ ಪಡೆದ ಆ್ಯಪ್ ಬಳಸುತ್ತಾರೆ. ಅದನ್ನು ಮನೆಯಲ್ಲೇ ಹಾಕಿಕೊಂಡು, ಒಮ್ಮೆ ಪರೀಕ್ಷಿಸಿ ಬನ್ನಿ. ಮರಳಿನ ಮೇಲೆ ಕೂತು ಪಾಸ್‌ವರ್ಡ್ ಹುಡುಕುವವರನ್ನು ಕಂಡು ನನಗೆ ಅಯ್ಯೋ ಎನಿಸಿದೆ.

2. ನಿಲ್ಲುವ ಜಾಗ ಆರಿಸಿಕೊಳ್ಳಿ

ಒದ್ದೆ ಮರಳಿನ ಗೆರೆಯಿಂದ ಚೆನ್ನಾಗಿ ಮೇಲೆ, ಒಣ ಮರಳಿನಲ್ಲಿ ನಿಲ್ಲಿ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತಾರು ಸಣ್ಣ ಅಲೆಗಳ ನಡುವೆ ದೊಡ್ಡ ಅಲೆಗಳ ಒಂದು ಗುಂಪು ಬಂದು, ಅಲ್ಲಿಯವರೆಗೆ ಮುಟ್ಟದ ಜಾಗವನ್ನು ಮುಟ್ಟಿ ಹೋಗುತ್ತದೆ. ಉಬ್ಬರದ ಹೊತ್ತಾದರೆ, ಅರ್ಧ ಗಂಟೆಯ ಕರೆಯ ಅವಧಿಯಲ್ಲಿ ನೀರಿನ ಗೆರೆಯೇ ಮೇಲಕ್ಕೆ ಬಂದಿರುತ್ತದೆ.

ಗಾಳಿಯ ಲೆಕ್ಕವೂ ಇದೆ. ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಬಿಸಿಯಾಗುತ್ತದೆ, ಆ ಗಾಳಿ ಮೇಲೇಳುತ್ತದೆ, ಅದರ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಹೀಗಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಬೀಸುವುದು ಹೆಚ್ಚಾಗಿ ಕಡಲಿನಿಂದ ದಡಕ್ಕೆ. ಇದರ ಪರಿಣಾಮ ಎರಡು. ಮೈಕಿಗೆ ಗಾಳಿ ನೇರವಾಗಿ ಬಡಿದು ಆಚೆಯವರಿಗೆ ‘ಬೊರ್’ ಎಂಬ ಸದ್ದಷ್ಟೇ ಕೇಳುತ್ತದೆ. ಜತೆಗೆ ನಿಮ್ಮ ದನಿಯನ್ನು ಅದೇ ಗಾಳಿ ಹೊತ್ತು, ಹಿಂದೆ ಕುಳಿತವರ ಕಿವಿಗೆ ಹಾಕುತ್ತದೆ. ಅಲೆಯ ಅಬ್ಬರದಲ್ಲಿ ಯಾರಿಗೂ ಕೇಳಿಸದು ಎಂದುಕೊಂಡು ಮನೆಯ ಪಾಲಿನ ಜಗಳವನ್ನೆಲ್ಲ ಬಿಚ್ಚಿಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮಾತಷ್ಟೇ ಆಡುವುದಿದ್ದರೆ ಮೇಲೆ ಬನ್ನಿ: ಗಾಳಿಮರಗಳ ಸಾಲಿನ ಹಿಂದೆ, ಗೋಡೆಯ ಮರೆಯಲ್ಲಿ, ಗೂಡಂಗಡಿಯ ಆಚೆ. ಎಳೆದಿಟ್ಟ ದೋಣಿಯ ಮರೆಯೂ ಆದೀತು, ಆದರೆ ಅದನ್ನು ಹತ್ತಿ ಕೂರಬೇಡಿ. ಅದು ಒಬ್ಬರ ದುಡಿಮೆಯ ಸಾಧನ.

ಎಲ್ಲೆಲ್ಲಿ ನಿಲ್ಲಬಾರದು ಎಂಬುದು ಇನ್ನೂ ಮುಖ್ಯ. ಜೀವರಕ್ಷಕರ ಅಟ್ಟಣಿಗೆಯ ಮುಂದೆ ಬೇಡ, ಅವರ ನೋಟಕ್ಕೆ ಅಡ್ಡವಾಗುತ್ತೀರಿ. ಬಲೆ ಎಳೆಯುವ ಹಗ್ಗದ ಸಾಲಿನಲ್ಲಿ ಬೇಡ. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಆಸೆಗೆ ಫೋನ್ ನೋಡುತ್ತಾ ಹೆದ್ದಾರಿಗೆ ಹೆಜ್ಜೆ ಇಡುವವರನ್ನು ಕಂಡರೆ ಎದೆ ಝಲ್ಲೆನ್ನುತ್ತದೆ. ಅಲ್ಲಿನ ತಡೆಗೋಡೆಯ ಕಲ್ಲುಗಳೂ, ಸೇಂಟ್ ಮೇರೀಸ್ ದ್ವೀಪದ ಕಂಬದಾಕಾರದ ಬಂಡೆಗಳೂ ನೋಡಲು ಒಣಗಿದಂತೆ ಕಂಡರೂ ನೀರಿನ ಅಂಚಿನಲ್ಲಿ ಪಾಚಿ ಹಿಡಿದು ಜಾರುತ್ತವೆ. ಬಂಡೆ ಹತ್ತುವುದಾದರೆ ಫೋನ್ ಜೇಬಿನಲ್ಲಿರಲಿ, ಫೋನ್ ಕೈಯಲ್ಲಿದ್ದರೆ ಕಾಲು ಮರಳಿನಲ್ಲಿರಲಿ.

3. ಸ್ಪೀಕರ್ ಬೇಡ, ಕೂಗೂ ಬೇಡ

ಸುತ್ತ ಗದ್ದಲವಿದ್ದರೆ ಮನುಷ್ಯರ ದನಿ ತಾನಾಗಿಯೇ ಏರುತ್ತದೆ. ಇದಕ್ಕೆ ಶಬ್ದವಿಜ್ಞಾನದಲ್ಲಿ ಲೊಂಬಾರ್ಡ್ ಪರಿಣಾಮ ಎಂಬ ಹೆಸರೇ ಇದೆ. ತಮಾಷೆಯೆಂದರೆ, ಕಡಲ ಬಳಿ ಈ ಕೂಗಾಟದ ಹೆಚ್ಚಿನ ಪಾಲು ವ್ಯರ್ಥ. ಈಗಿನ ಫೋನ್‌ಗಳಲ್ಲಿ ‘ನಾಯ್ಸ್ ಕ್ಯಾನ್ಸಲೇಶನ್’ ಇರುತ್ತದೆ. ಅಂದರೆ ಒಂದಕ್ಕಿಂತ ಹೆಚ್ಚು ಮೈಕುಗಳಿಂದ ಸದ್ದು ಹಿಡಿದು, ನಿಮ್ಮ ದನಿಯನ್ನು ಉಳಿಸಿಕೊಂಡು ಸುತ್ತಲಿನ ಗದ್ದಲವನ್ನು ಸೋಸುವ ವ್ಯವಸ್ಥೆ. ಗಾಳಿ ಮೈಕಿಗೆ ನೇರ ಬಡಿಯದಿದ್ದರೆ ಆಚೆಯವರಿಗೆ ನಿಮ್ಮ ಮಾತು ಸಾಕಷ್ಟು ಚೆನ್ನಾಗಿಯೇ ಕೇಳುತ್ತಿರುತ್ತದೆ. ಅವರ ಮಾತು ನಿಮಗೆ ಕೇಳಿಸದ ಕಾರಣ ನೀವು ಕೂಗುತ್ತಿರುತ್ತೀರಿ, ಅಷ್ಟೆ. ಇಯರ್‌ಫೋನ್ ಹಾಕಿಕೊಂಡು ಅದರ ಸದ್ದು ಏರಿಸಿ, ನಿಮ್ಮ ದನಿ ಇಳಿಸಿ.

ಆದರೆ ಎರಡೂ ಕಿವಿ ಮುಚ್ಚಬೇಡಿ. ಒಂದು ಕಿವಿ ಖಾಲಿ ಇರಲಿ. ಜೀವರಕ್ಷಕರ ಸೀಟಿ, ಬದಿಯಲ್ಲಿ ಬರುವ ಕುದುರೆ ಅಥವಾ ಜೀಪು, ನಿಮ್ಮದೇ ಮಗುವಿನ ಕರೆ ಕೇಳಿಸಬೇಕಲ್ಲ.

ಸ್ಪೀಕರ್ ಹಾಕಿ ಮಾತನಾಡುವುದು ಬೀಚಿನಲ್ಲಿ ಅಪರಾಧವೇ ಎಂದು ಒಬ್ಬರು ಕೇಳಿದ್ದರು. ಕೆಎಸ್‌ಆರ್‌ಟಿಸಿ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು 2021ರಲ್ಲಿ ಕರ್ನಾಟಕ ಹೈಕೋರ್ಟಿನ ನಿರ್ದೇಶನದ ಮೇರೆಗೆ ನಿಷೇಧಿಸಲಾಯಿತು. ಆ ಆದೇಶ ಬಸ್ಸಿಗೆ ಮಾತ್ರ, ಮರಳಿಗೆ ಅನ್ವಯಿಸುವುದಿಲ್ಲ. ಆದರೆ ಬಸ್ಸಿನಲ್ಲಿ ಸಹಿಸಲಾಗದ್ದು ಸೂರ್ಯಾಸ್ತದ ಹೊತ್ತಿಗೆ ಹಿತವಾಗುತ್ತದೆಯೇ?

4. ಹಿಂಬದಿ ಕ್ಯಾಮೆರಾಕ್ಕೆ ಬದಲಿಸಿ

ಈ ಲೇಖನದಿಂದ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ವಿಡಿಯೊ ಕರೆಯ ಪರದೆಯಲ್ಲಿ ಕ್ಯಾಮೆರಾ ಚಿತ್ರದೊಂದಿಗೆ ಸುತ್ತುವ ಬಾಣದ ಗುರುತು ಇರುತ್ತದೆ. ಅದನ್ನು ಒತ್ತಿದರೆ ಮುಖ ತೋರಿಸುವ ಮುಂಬದಿ ಕ್ಯಾಮೆರಾ ನಿಂತು ಹಿಂಬದಿಯದು ತೆರೆದುಕೊಳ್ಳುತ್ತದೆ. ಈಗ ನೀವು ಕಡಲಿಗೆ ಮುಖ ಮಾಡಿಯೇ ಕಡಲನ್ನು ತೋರಿಸಬಹುದು. ಬರುವ ಅಲೆ ನಿಮಗೆ ಕಾಣುತ್ತದೆ. ಯಾರು ಚೌಕಟ್ಟಿನೊಳಗೆ ಬರುತ್ತಿದ್ದಾರೆ ಎಂಬುದೂ ಕಾಣುತ್ತದೆ. ಸಾಮಾನ್ಯವಾಗಿ ಹಿಂಬದಿ ಕ್ಯಾಮೆರಾದ ಚಿತ್ರ ಹೆಚ್ಚು ಸ್ಪಷ್ಟ. ಮೇಲಾಗಿ, ಸೂರ್ಯನನ್ನು ಬೆನ್ನ ಹಿಂದೆ ಇಟ್ಟುಕೊಂಡು ಮುಂಬದಿ ಕ್ಯಾಮೆರಾದಲ್ಲಿ ಮುಖ ತೋರಿಸಿದರೆ ಅಜ್ಜಿಗೆ ಕಾಣುವುದು ಮೊಮ್ಮಗನ ಆಕಾರದ ಕರಿ ನೆರಳು ಮಾತ್ರ.

ಕ್ರಮ ಹೀಗಿರಲಿ. ಮೊದಲು ಕ್ಯಾಮೆರಾ ನಿಲ್ಲಿಸಿ, ಧ್ವನಿ ಕರೆಯಾಗಿಯೇ ಮಾತು ಶುರುಮಾಡಿ. ತೋರಿಸಬೇಕಾದ ದಿಕ್ಕನ್ನು ಕಣ್ಣಿನಿಂದ ಆರಿಸಿಕೊಳ್ಳಿ. ಜನ ಸ್ನಾನ ಮಾಡುತ್ತಿರುವ ಭಾಗದಿಂದ ನೂರಿನ್ನೂರು ಹೆಜ್ಜೆ ನಡೆದರೆ ಹೆಚ್ಚಿನ ತೀರಗಳಲ್ಲಿ ಖಾಲಿ ಜಾಗ ಸಿಕ್ಕೇ ಸಿಗುತ್ತದೆ. ಫೋನನ್ನು ಅಡ್ಡಲಾಗಿ ಹಿಡಿದು, ಬಾನು ಕಡಲು ಕೂಡುವ ಗೆರೆಯನ್ನು ಚೌಕಟ್ಟಿನ ಕೆಳಭಾಗಕ್ಕೆ ತನ್ನಿ. ಹಾಗೆ ಮಾಡಿದರೆ ಹತ್ತಿರ ಓಡಾಡುವವರು ತಾವಾಗಿಯೇ ಚೌಕಟ್ಟಿನಿಂದ ಹೊರಗುಳಿಯುತ್ತಾರೆ. ಆಮೇಲೆ ಕ್ಯಾಮೆರಾ ತೆರೆಯಿರಿ, ಒಂದೆರಡು ನಿಮಿಷ ಕೈ ಅಲ್ಲಾಡಿಸದೆ ತೋರಿಸಿ, ಮತ್ತೆ ನಿಲ್ಲಿಸಿ. ನಿಮ್ಮ ಮುಖವನ್ನೂ ನೋಡಬೇಕೆಂದು ಅವರು ಹಟ ಹಿಡಿದರೆ ಮೇಲೆ ಬಂದು, ಗಾಳಿಮರವನ್ನೋ ಗೋಡೆಯನ್ನೋ ಬೆನ್ನಿಗಿಟ್ಟುಕೊಂಡು ಕೂತು ಮುಂಬದಿ ಕ್ಯಾಮೆರಾ ತೆರೆಯಿರಿ. ಇಳಿಬಿಸಿಲು ಮುಖದ ಮೇಲೆ ಬೀಳುತ್ತದೆ, ಚೆಂದವೂ ಕಾಣುತ್ತೀರಿ.

ಎಲ್ಲರೂ ಮಾಡುವ ತಪ್ಪು ಒಂದಿದೆ: ‘ಇಲ್ಲಿ ನೋಡು ಎಷ್ಟು ಜನ!’ ಎಂದು ಫೋನನ್ನು ಎಡದಿಂದ ಬಲಕ್ಕೆ ಸುತ್ತಿಸುವುದು. ಮೇಲೆ ಹೇಳಿದ ಜಗಳಗಳಲ್ಲಿ ಹೆಚ್ಚಿನವು ಹುಟ್ಟುವುದು ಇದರಿಂದಲೇ.

5. ಯಾರನ್ನು ತೋರಿಸಬಾರದು

ರೆಕಾರ್ಡ್ ಮಾಡುತ್ತಿಲ್ಲ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಆಚೆ ಬದಿಯಲ್ಲಿ ಯಾರು ಕೂತಿದ್ದಾರೆ, ಅವರು ಪರದೆಯ ಚಿತ್ರ ಹಿಡಿದಿಟ್ಟುಕೊಳ್ಳುತ್ತಿದ್ದಾರೆಯೇ ಎಂಬುದು ನೀರಿನಲ್ಲಿರುವ ಹೆಣ್ಣುಮಗಳಿಗೆ ಗೊತ್ತಿರುವುದಿಲ್ಲ. ಎಷ್ಟೋ ಸಲ ನಿಮಗೂ ಗೊತ್ತಿರುವುದಿಲ್ಲ.

ಒದ್ದೆ ಬಟ್ಟೆಯಲ್ಲಿರುವವರು ಮತ್ತು ಪರರ ಮಕ್ಕಳು ಈ ಪಟ್ಟಿಯಲ್ಲಿ ಮೊದಲಿಗರು. ಬಟ್ಟೆ ಬದಲಿಸುವ ಕೋಣೆ, ಸಿಹಿನೀರಿನ ಷವರ್ ಇರುವ ಕಡೆ ಫೋನನ್ನು ಚೀಲದಿಂದ ಹೊರತೆಗೆಯಲೇಬೇಡಿ. 2020ರಲ್ಲಿ ಬ್ಲೂ ಫ್ಲ್ಯಾಗ್ (ನೀರಿನ ಶುದ್ಧತೆ, ಸುರಕ್ಷತೆ, ಸೌಲಭ್ಯಗಳನ್ನು ನೋಡಿ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಪಡೆದ ಪಡುಬಿದ್ರಿ, ಕಾಸರಕೋಡಿನಂತಹ ತೀರಗಳಲ್ಲಿ ಇಂತಹ ಕೋಣೆಗಳಿವೆ. ಅಲ್ಲಿ ‘ಅಮ್ಮನ ಜತೆ ಮಾತಾಡುತ್ತಿದ್ದೆ’ ಎಂದರೂ ಯಾರೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇಂತಹ ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯನ್ನು ನೋಡುವುದು, ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಒಪ್ಪಿಗೆಯಿಲ್ಲದೆ ಯಾರದೇ ಗುಪ್ತಾಂಗಗಳ ಚಿತ್ರ ಹಿಡಿಯುವುದಕ್ಕೆ, ಕಳಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿದೆ. ಮೂರು ವರ್ಷದವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಊರಿನಿಂದ ದುಬೈಗೆ ಹೋಗುವವರಿಗೂ ಒಂದು ಮಾತು: ಅಲ್ಲಿಯ ಕಾನೂನು ನಮ್ಮದಕ್ಕಿಂತ ಬಿಗಿ. ಒಪ್ಪಿಗೆಯಿಲ್ಲದೆ ಪರರ ಚಿತ್ರ ತೆಗೆಯುವುದೇ ಅಲ್ಲಿ ದೊಡ್ಡ ದಂಡಕ್ಕೆ ದಾರಿ.

ಎರಡನೆಯವರು ದುಡಿಯುವವರು. ಕೈರಂಪಣಿ (ದಡದಿಂದ ಹಲವರು ಕೂಡಿ ಕೈಯಲ್ಲೇ ಎಳೆಯುವ ಬಲೆ) ಎಳೆಯುವುದನ್ನು ನೋಡುವುದು ಒಂದು ಹಬ್ಬವೇ. ಆದರೆ ಅದು ಪ್ರದರ್ಶನವಲ್ಲ. ಮೊದಲು ಮಾತನಾಡಿಸಿ. ‘ಅಣ್ಣ, ಮನೆಯವರಿಗೆ ಸ್ವಲ್ಪ ತೋರಿಸಬಹುದೇ?’ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಬಲೆ ಖಾಲಿ ಬಂದ ದಿನ ಕೇಳಲೂ ಹೋಗಬೇಡಿ. ಮರಳಿನಲ್ಲಿ ಮೀನು ಒಣಗಿಸುತ್ತಿರುವ ಅಕ್ಕಂದಿರ ಮುಂದೆ ಮೂಗು ಮುಚ್ಚಿಕೊಂಡು ಕ್ಯಾಮೆರಾಕ್ಕೆ ಮುಖಭಾವ ತೋರಿಸುವವರೂ ಇದ್ದಾರೆ. ಅವರಿಗೆ ಅಲ್ಲೇ ಉತ್ತರ ಸಿಗುತ್ತದೆ, ನಾನು ಬರೆಯುವುದು ಬೇಕಿಲ್ಲ.

ಮೂರನೆಯದು ಪೂಜೆ, ಕರ್ಮಗಳಲ್ಲಿ ತೊಡಗಿದವರು. ಗೋಕರ್ಣದ ಮುಖ್ಯ ತೀರದಲ್ಲಿ ಜನ ಸಮುದ್ರಸ್ನಾನ ಮಾಡಿ ಮಹಾಬಲೇಶ್ವರನ ದರ್ಶನಕ್ಕೆ ಹೋಗುತ್ತಾರೆ, ಪಿತೃಕಾರ್ಯ ಮಾಡುತ್ತಾರೆ. ಅಮಾವಾಸ್ಯೆಗಳಂದು ಬೇರೆ ತೀರಗಳಲ್ಲೂ ತರ್ಪಣ ಬಿಡುವವರಿರುತ್ತಾರೆ. ಅಪ್ಪನ ಅಸ್ಥಿ ಬಿಡಲು ಬಂದವರ ಪಕ್ಕದಲ್ಲಿ ನಿಂತು ನಗುತ್ತಾ ಕರೆ ಮಾಡುವುದನ್ನು ಯಾವ ಕಲಮೂ ತಡೆಯದು. ನೀವೇ ಸ್ವಲ್ಪ ದೂರ ಹೋಗಬೇಕು.

ಕಾರವಾರದ ಬಳಿ ನೌಕಾನೆಲೆಯ ಕಡೆ ಕ್ಯಾಮೆರಾ ತಿರುಗಿಸಬೇಡಿ, ಅಲ್ಲಿನ ಫಲಕಗಳನ್ನು ಪಾಲಿಸಿ. ಕಡಲತೀರದಲ್ಲೇ ಇರುವ ಐಎನ್‌ಎಸ್ ಚಾಪಲ್ ಯುದ್ಧನೌಕೆ ವಸ್ತುಸಂಗ್ರಹಾಲಯದ ಮಾತು ಬೇರೆ. ಅದು ಜನ ನೋಡಲೆಂದೇ ಇರುವುದು.

6. ನೀರಿಗೆ ಇಳಿಯುವಾಗ ಫೋನ್ ದಡದಲ್ಲಿರಲಿ

‘ನನ್ನದು ಐಪಿ68 ಫೋನ್’ ಎನ್ನುತ್ತಾರೆ. ಐಪಿ ಎಂಬುದು ದೂಳು, ನೀರು ಒಳಹೋಗದಂತೆ ತಡೆಯುವ ಮಟ್ಟವನ್ನು ಹೇಳುವ ಅಂಕಿ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಅಲುಗಾಡದ ನೀರಿನಲ್ಲಿ. ಅಲೆಯ ಹೊಡೆತ, ಉಪ್ಪು, ಮರಳು ಆ ಲೆಕ್ಕದಲ್ಲಿಲ್ಲ. ಉಪ್ಪುನೀರು ತಗುಲಿದರೆ ಫೋನ್ ಆರಿಸಿ, ಚಾರ್ಜಿಗೆ ಹಾಕದೆ ಒರೆಸಿ ಒಣಗಿಸಿ, ಬೇಗ ರಿಪೇರಿಯವರಿಗೆ ತೋರಿಸಿ. ಅಕ್ಕಿಯೊಳಗೆ ಹೂತಿಡುವುದರಿಂದ ಅಕ್ಕಿಗಷ್ಟೇ ನಷ್ಟ. ಬಿಸಿಲೂ ಶತ್ರುವೇ. ಅನೇಕ ಫೋನ್‌ಗಳು 35 ಡಿಗ್ರಿವರೆಗಿನ ಹವೆಗೆಂದು ತಯಾರಾದವು. ಏಪ್ರಿಲಿನ ಮಧ್ಯಾಹ್ನ ಮರಳಿನ ಮೇಲೆ ಇಟ್ಟು ವಿಡಿಯೊ ಕರೆ ನಡೆಸಿದರೆ ಕಾದು ತಾನೇ ನಿಂತುಬಿಡುತ್ತದೆ.

ಇದೆಲ್ಲ ಸಾಮಾನಿನ ಮಾತಾಯಿತು. ಮಕ್ಕಳು ನೀರಿನ ಅಂಚಿನಲ್ಲಿರುವಾಗ ಅವರನ್ನು ನೋಡಿಕೊಳ್ಳುವವರು ಕರೆಯಲ್ಲಿರಬಾರದು. ಇದರಲ್ಲಿ ರಿಯಾಯಿತಿ ಇಲ್ಲ. ಮುಳುಗುವವರು ಸಿನಿಮಾದಲ್ಲಿನಂತೆ ಕೂಗುವುದಿಲ್ಲ. ಉಸಿರಾಟಕ್ಕೇ ಬಿಡುವಿಲ್ಲದಾಗ ಕೂಗಲು ಆಗುವುದಿಲ್ಲ. ಸದ್ದಿಲ್ಲದೆ ಆಗುವ ಅನಾಹುತವದು, ಕಿವಿ ಕೊಟ್ಟರೆ ಸಾಲದು, ಕಣ್ಣು ಅಲ್ಲೇ ಇರಬೇಕು. ಕರೆ ಬಂದರೆ ಮಗುವನ್ನು ಇನ್ನೊಬ್ಬ ಹಿರಿಯರಿಗೆ ‘ಈಗ ನೀವು ನೋಡಿಕೊಳ್ಳಿ’ ಎಂದು ಬಾಯಿಬಿಟ್ಟು ಒಪ್ಪಿಸಿ, ಅವರು ಹೂಂ ಎಂದ ಮೇಲೆ ಫೋನ್ ಎತ್ತಿ. ಎಲ್ಲರೂ ಇದ್ದಾರಲ್ಲ ಎಂದುಕೊಂಡರೆ ಯಾರೂ ನೋಡುತ್ತಿರುವುದಿಲ್ಲ.

ಚಿತ್ರಕ್ಕೆ ಚೆಂದವೆಂದು ಅಲೆ ಒಡೆಯದ ‘ಶಾಂತ’ ಜಾಗದಲ್ಲಿ ನಿಲ್ಲುವುದು ಇನ್ನೊಂದು ಮೋಸ. ಎರಡು ಬದಿ ನೊರೆ, ನಡುವೆ ಮಾತ್ರ ಸಪಾಟು ನೀರು ಕಂಡರೆ ಅಲ್ಲಿ ಹಿಂದಕ್ಕೆ ಸೆಳೆತ, ಅಂದರೆ ದಡದಿಂದ ಕಡಲೊಳಕ್ಕೆ ಓಡುವ ಪ್ರವಾಹ, ಇರುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಕೆಂಪು ಬಾವುಟ ಕಂಡರೆ ಫೋನ್ ಇರಲಿ ಬಿಡಲಿ, ನೀರಿನ ಹತ್ತಿರ ಸುಳಿಯಬೇಡಿ.

7. ಕಚೇರಿಯ ಕರೆ

ಬೆಂಗಳೂರಿನಿಂದ ಬಂದು ಮರಳಿನಲ್ಲಿ ಕೂತು ಸಭೆಗೆ ಹಾಜರಾಗುವವರಿಗೆ ಒಂದೇ ಸಲಹೆ: ರೂಮಿಗೆ ಹೋಗಿ. ಹಿನ್ನೆಲೆ ಮಸುಕು ಮಾಡುವ ಸೌಲಭ್ಯ ಕಡಲನ್ನು ಮರೆಮಾಡಬಹುದು, ಚುರುಮುರಿ ಮಾರುವವರ ದನಿಯನ್ನು ಮರೆಮಾಡದು.

8. ಕತ್ತಲಾದ ಮೇಲೆ

ನಮ್ಮ ತೀರಗಳಲ್ಲಿ, ಕುಂದಾಪುರದಿಂದ ಕಾರವಾರದವರೆಗೆ ಹಲವೆಡೆ, ಚಳಿಗಾಲದ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಮೇಲೆ ಬಂದು ಮೊಟ್ಟೆಯಿಡುತ್ತವೆ. ಬೆಳಕು ಕಂಡರೆ ತಾಯಾಮೆ ಮೊಟ್ಟೆಯಿಡದೆ ಮರಳುವುದುಂಟು. ಮರಿಗಳು ಕಡಲಿನ ಮೇಲಿನ ಮಂದ ಹೊಳಪನ್ನು ಹಿಡಿದು ನೀರಿಗೆ ಸಾಗುವಂಥವು, ಫೋನಿನ ಟಾರ್ಚು ಅವನ್ನು ದಾರಿ ತಪ್ಪಿಸುತ್ತದೆ. ಆಮೆ ಕಂಡರೆ ಟಾರ್ಚು, ಫ್ಲ್ಯಾಶ್ ಎರಡನ್ನೂ ಆರಿಸಿ, ಪರದೆಯ ಬೆಳಕು ತಗ್ಗಿಸಿ, ದೂರ ನಿಲ್ಲಿ. ಕರೆ ಮಾಡಬೇಕಾದದ್ದು ಅರಣ್ಯ ಇಲಾಖೆಗೆ, ಗೆಳೆಯರಿಗಲ್ಲ.

9. ಕ್ಯಾಮೆರಾ ನಿಮ್ಮ ಮೇಲೆಯೇ ತಿರುಗಿದ್ದರೆ

ಮೊದಲು ಮೆತ್ತಗೆ ಹೇಳಿ ನೋಡಿ: ‘ನಾವು ನಿಮ್ಮ ಕರೆಯಲ್ಲಿ ಕಾಣುತ್ತಿದ್ದೇವೆ, ದಯವಿಟ್ಟು ಆ ಕಡೆ ತಿರುಗಿಸಿ.’ ಹೆಚ್ಚಿನವರು ನಾಚಿಕೊಂಡು ತಿರುಗಿಸುತ್ತಾರೆ, ಅವರಿಗೆ ಅದು ಹೊಳೆದಿರುವುದೇ ಇಲ್ಲ. ಫೋನ್ ಕಸಿದುಕೊಳ್ಳಬೇಡಿ, ತಪ್ಪು ನಿಮ್ಮ ತಲೆಗೆ ಬರುತ್ತದೆ. ನೀವೂ ಪ್ರತಿಯಾಗಿ ಅವರನ್ನು ಚಿತ್ರೀಕರಿಸಿ ಎಲ್ಲೆಡೆ ಹಂಚುವುದು ಬೇಡ. ಒಪ್ಪದಿದ್ದರೆ ಜೀವರಕ್ಷಕರಿಗೋ ಪ್ರವಾಸಿ ಮಿತ್ರರಿಗೋ (ಪ್ರವಾಸಿಗರ ನೆರವಿಗೆಂದು ನೇಮಿಸಿರುವ ಸಿಬ್ಬಂದಿ) ತಿಳಿಸಿ. ಬಟ್ಟೆ ಬದಲಿಸುವ ಕೋಣೆಯಂತಹ ಪ್ರಕರಣವಾದರೆ ಮಾತಿಗಿಳಿಯದೆ ನೇರವಾಗಿ 112ಕ್ಕೆ ಕರೆ ಮಾಡಿ.

10. ತುರ್ತು ಕರೆಗೆ ಬ್ಯಾಟರಿ ಉಳಿಸಿ

ಯಾರಾದರೂ ನೀರಿನಲ್ಲಿ ಸಿಕ್ಕಿಕೊಂಡಿದ್ದರೆ ಮೊದಲ ಕೂಗು ಜೀವರಕ್ಷಕರಿಗೆ, ಮೊದಲ ಕರೆ 112ಕ್ಕೆ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್‌ನದು 1554. ಮೂರನ್ನೂ ಹೊರಡುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ನಡೆಯುತ್ತಿರುವ ವಿಡಿಯೊ ಕರೆಯನ್ನು ತಕ್ಷಣ ಮುಗಿಸಿ. ಮುಳುಗುತ್ತಿರುವವರನ್ನು ಮನೆಯವರಿಗೆ ನೇರಪ್ರಸಾರ ಮಾಡಿದ ಉದಾಹರಣೆಗಳನ್ನು ನೆನೆದರೆ ಬರೆಯುವ ಕೈ ನಿಲ್ಲುತ್ತದೆ.

ಕರೆಯಲ್ಲಿ ಹೇಳಬೇಕಾದದ್ದು ಇಷ್ಟು: ಯಾವ ತೀರ, ಹತ್ತಿರದ ಗುರುತು (ದೇವಸ್ಥಾನ, ಅಟ್ಟಣಿಗೆ, ಅಳಿವೆ, ದೋಣಿಗಳ ಸಾಲು), ಎಷ್ಟು ಜನ, ದಡದಿಂದ ಸುಮಾರು ಎಷ್ಟು ದೂರ. ಆಚೆಯವರು ಸಾಕೆನ್ನುವವರೆಗೆ ಕರೆ ಕಡಿಯಬೇಡಿ. ಜತೆಯಲ್ಲಿ ಇನ್ನೊಬ್ಬರಿದ್ದರೆ, ಸಿಕ್ಕಿಕೊಂಡವರ ಮೇಲಿಟ್ಟ ಕಣ್ಣನ್ನು ಕೀಳದೆ, ಅವರತ್ತ ಕೈಚಾಚಿ ನಿಲ್ಲಲು ಹೇಳಿ. ಅಲೆಗಳ ನಡುವೆ ತಲೆಯೊಂದು ಒಮ್ಮೆ ಕಣ್ತಪ್ಪಿದರೆ ಮತ್ತೆ ಹುಡುಕುವುದು ಕಷ್ಟ, ಬರುವ ಜೀವರಕ್ಷಕರು ಆ ಚಾಚಿದ ಕೈ ತೋರಿಸಿದ ದಿಕ್ಕಿಗೇ ಹಾರುತ್ತಾರೆ.